ದೋಣಿ ಹಿಡಿಯುವವರ ಮಾತು

ಹಾಂಗ್‌ಕಾಂಗಿನಲ್ಲಿ ಆ ಹಳೆಯ ದೋಣಿಗಟ್ಟೆ ಇನ್ನೂ ಇದ್ದ ಕಾಲ. ಅದರ ಪಕ್ಕದ ಮನೆಯಲ್ಲಿ ಲ್ಯೂಂಗ್ ಮೇಷ್ಟ್ರು ಕ್ಯಾಂಟೊನೀಸ್ ಭಾಷೆ ಕಲಿಸುತ್ತಿದ್ದರು. ಕಾರವಾರದಿಂದ ಹೋದ ದರ್ಜಿ ದತ್ತಾರಾಮ ಅವರ ಶಿಷ್ಯ.

ದತ್ತಾರಾಮ ಆ ಊರಿಗೆ ಹೊಸಬನಾಗಿದ್ದಾಗ, ಮನೆಯೊಡತಿ ಹೋ ಎಂಬ ಅಜ್ಜಿ ಚಳಿಗಾಲವಿಡೀ ಅವನಿಗೆ ಬಿಸಿ ಗಂಜಿ ಬಡಿಸಿದ್ದರು. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯುತ್ತಿರಲಿಲ್ಲ. ಈಗ ಅಜ್ಜಿ ಹಾಸಿಗೆ ಹಿಡಿದು ಆಚೆ ದಡದಲ್ಲಿ ಮಗಳ ಮನೆಯಲ್ಲಿದ್ದರು. ಅವರ ಭಾಷೆಯಲ್ಲೇ ಅವರಿಗೆ ನಾಲ್ಕು ಮಾತು ಹೇಳಬೇಕೆಂದು ಅವನು ಕಲಿಯುತ್ತಿದ್ದ.

"ಯಾವಾಗ ಹೋಗ್ತೀಯ?" ಎಂದು ಮೇಷ್ಟ್ರು ಆಗಾಗ ಕೇಳುತ್ತಿದ್ದರು.

"ಸ್ವರ ಇನ್ನೂ ಕೂಡಿಬಂದಿಲ್ಲ ಮೇಷ್ಟ್ರೇ. ಸ್ವಲ್ಪ ಏರಿದರೂ ಅರ್ಥವೇ ಬದಲಾಗುತ್ತೆ."

ಒಂದು ಸಂಜೆ ಅವನು ಕೇಳಿದ: "ಸಮಯಕ್ಕೆ ಸರಿಯಾಗಿ ಬಂದೆ ಅನ್ನೋದಕ್ಕೆ ಏನು ಹೇಳ್ಬೇಕು?"

"ಜ್ಯೊನ್ ಸೀ. ಗಡಿಯಾರ ನೋಡಿ ನಡೆಯುವವರ ಮಾತು."

"ಬೇರೆ ಇದೆಯಾ?"

"ಗೊನ್ ದಕ್ ಚಿತ್. ಅವಸರ ಮಾಡಿದರೆ ಇನ್ನೂ ಸಿಗುತ್ತೆ ಅಂತ. ದೋಣಿ ಹಿಡಿಯುವವರ ಮಾತು."

"ಅಜ್ಜಿಯ ಮುಂದೆ ಯಾವುದನ್ನು ಹೇಳಲಿ?"

ಹೊರಗೆ ದೋಣಿಯ ಗಂಟೆ ಮೊಳಗಿತು. ಮೇಷ್ಟ್ರು ಎದ್ದು ಬಾಗಿಲು ತೆರೆದರು. ಶಿಷ್ಯನ ಚಪ್ಪಲಿಗಳನ್ನು ತಾವೇ ತಂದು ಅವನ ಮುಂದಿಟ್ಟರು.

"ಪಾಠ ಮುಗಿದಿಲ್ಲವಲ್ಲ?"

"ಓಡು" ಎಂದರು.

ದತ್ತಾರಾಮ ಓಡಿದ.

ಮತ್ತೆ ಬಂದದ್ದು ಮುಂದಿನ ವಾರ.

"ಮಾತೆಲ್ಲ ತಪ್ಪಾಯ್ತು. ಗಂಜಿ ಅನ್ನೋಕೆ ಹೋಗಿ ಇನ್ನೇನೋ ಅಂದೆ. ಅಜ್ಜಿ ನಕ್ಕೂ ನಕ್ಕೂ ಕೆಮ್ಮಿದರು. ಆಮೇಲೆ ನನ್ನ ಕೈ ಹಿಡ್ಕೊಂಡು, ಊಟ ಆಯ್ತಾ ಅಂತ ಕೇಳಿದರು. ಆ ಚಳಿಗಾಲದಲ್ಲೂ ದಿನಾ ಅದನ್ನೇ ಕೇಳ್ತಿದ್ದರಂತೆ. ನನಗೆ ಗೊತ್ತೇ ಇರಲಿಲ್ಲ."

ಮೇಷ್ಟ್ರು ಅವನ ಮುಂದೆ ಚಹಾ ಇಟ್ಟರು.

"ನಿನ್ನೆ ತೀರಿಕೊಂಡರು."

ದೋಣಿಯೊಂದು ಬಂದು ಜನರನ್ನು ಇಳಿಸಿ ಹೋಯಿತು.

"ನಾನು ಹೇಳಿದ ಮಾತನ್ನ ತಿದ್ದಿಕೊಡಿ ಮೇಷ್ಟ್ರೇ. ಸರಿಯಾಗಿ ಹೇಳೋದು ಹೇಗಂತ ಈಗಲಾದರೂ ಕಲೀತೀನಿ."

"ಅಜ್ಜಿ ತಿದ್ದಿದರಾ?"

"ಇಲ್ಲ."

"ಹಾಗಿದ್ದರೆ ಆ ಮಾತು ಅವರದಾಯಿತು. ನಾನು ಮುಟ್ಟುವುದಿಲ್ಲ."