ಮಗಳು ಉಣ್ಣೋ ಹೊತ್ತಿನ ಗೆರೆ

ಒಂದಾನೊಂದು ಕಾಲದಲ್ಲಿ, ಯಾವ ಕಾಲ ಅಂತ ನಮ್ಮಜ್ಜಿಗೂ ಗೊತ್ತಿರಲಿಲ್ಲ ಕಂದ, ಬೊಮ್ಮರಸ ಅಂತ ಒಬ್ಬ ರಾಜ ಇದ್ದನಂತೆ. ಅವನಿಗೆ ಪದುಮಲೆ ಅಂತ ಒಬ್ಬಳೇ ಮಗಳು, ಅವಳನ್ನ ಸಮುದ್ರದಾಚೆ ಪಡುವಲ ದೇಶಕ್ಕೆ ಕೊಟ್ಟಿದ್ದನಂತೆ. ಆಮೇಲಿಂದ ರಾಜ ತಟ್ಟೆ ಮುಂದೆ ಕೂತರೆ ಸಾಕು, ಅಯ್ಯೋ ಮಗಳು ಉಂಡಳೋ ಇಲ್ಲವೋ, ಅವಳು ಉಣ್ಣೋ ಹೊತ್ತಿಗೇ ನಾನೂ ಉಣ್ತೀನಿ ಅಂತ ಎದ್ದುಬಿಡೋನಂತೆ. ಹಿಂಗೇ ಸೊರಗಿ ಕಡ್ಡಿ ಆದನಂತೆ.

ಆಮೇಲೆ ಆಸ್ಥಾನದ ಜೋಯಿಸ ಹೇಳಿದನಂತೆ, ಬುದ್ಧಿ, ಭೂಮಿ ಚೆಂಡಿನ ಹಂಗೆ ಗುಂಡಗಿದ್ದು ತಿರುಗ್ತದೆ, ಎಲ್ಲಾ ಕಡೆ ಒಟ್ಟಿಗೆ ಮಧ್ಯಾಹ್ನ ಆಗಲ್ಲ. ದಿನಕ್ಕೆ ಎಂಟು ಜಾವ ಅಲ್ವಾ, ಮರದ ಚೆಂಡಿನ ಮೇಲೆ ಎಂಟು ಗೆರೆ ಸಮನಾಗಿ ಎಳೆಸಿಕೊಡಿ, ಮಗಳ ಹೊತ್ತು ಹೇಳ್ತೀನಿ. ರಾಜನಿಗೆ ತಲೆಬುಡ ತಿಳೀಲಿಲ್ಲ. ಆದರೂ ಆಟಿಕೆ ಕಡೆಯೋ ಮೌನಾಚಾರಿಗೆ ಹೇಳಿಕಳಿಸಿದನಂತೆ. ಆಚಾರಿ ಚೆಂಡು ಕಡೆದ, ಗೆರೆ ಎಳೆಯೋಕೆ ಅವನ ಮೂರು ಜನ ಹೆಣ್ಣುಮಕ್ಕಳು ಕೂತರಂತೆ.

ದೊಡ್ಡವಳು ಕಾಳಮ್ಮ, ಹಲಗೆ ಮೇಲೆ ಎಳೆದ ಹಂಗೆ ಪಕ್ಕಪಕ್ಕ ನೆಟ್ಟಗೆ ಎಳೆದಳಂತೆ, ಅಂಚಿಗೆ ಬರ್ತಾ ಬರ್ತಾ ಗೆರೆ ಗಿಡ್ಡವಾಗಿ ಜಾರಿಹೋಯ್ತಂತೆ. ಅದನ್ನ ಅಳಿಸಿ ನಡುವಿನವಳು ಈರಮ್ಮ, ಬಳೆ ತೊಡಿಸಿದ ಹಂಗೆ ಸುತ್ತಲೂ ಎಳೆದಳಂತೆ. ಜೋಯಿಸ ನೋಡಿ, ಒಂದೇ ಬಳೇಲಿ ಈ ಕಡೆ ಬೆಳಗ್ಗೆ ಆ ಕಡೆ ಸಂಜೆ, ಆಗಲ್ಲ ತಾಯಿ ಅಂದನಂತೆ.

ಆಮೇಲೆ ಕಿರಿಯವಳು ಸಿಂಗಮ್ಮ. ಮೂರು ದಿನ ಚೆಂಡು ತಿರುಗಿಸಿ ತಿರುಗಿಸಿ ಅವಳಿಗೇ ತಲೆ ಸುತ್ತು ಬಂತಂತೆ. ಅಪ್ಪ ಚೆಂಡು ಕಡೆಯುವಾಗ ಮರನ ಎರಡೂ ತುದೀಲಿ ಹಿಡಿದಿದ್ದ ಮೊಳೆಗಳು ಮೇಲೊಂದು ಕೆಳಗೊಂದು ಗುಳಿ ಬಿಟ್ಟಿದ್ದವು. ಅವಳು ಚೆಂಡಿನ ಹೊಟ್ಟೆಗೆ ದಾರ ಸುತ್ತಿ, ಬಿಚ್ಚಿ, ಮೂರು ಸಲ ಅರ್ಧಕ್ಕರ್ಧ ಮಡಚಿದಳು, ಎಂಟು ಭಾಗ ಆಯ್ತು. ಹೊಟ್ಟೆ ಮೇಲೆ ಎಂಟು ಚುಕ್ಕೆ ಇಟ್ಟು, ಮೇಲಿನ ಗುಳಿಯಿಂದ ಚುಕ್ಕೆ ಹಾದು ಕೆಳಗಿನ ಗುಳಿಗೆ ಎಂಟು ಗೆರೆ ಎಳೆದಳಂತೆ. ಅಕ್ಕಂದಿರು ನಕ್ಕುಬಿಟ್ಟರು. ಏನೇ ಇದು, ಹೊಟ್ಟೆ ಹತ್ರ ನಾಲ್ಕು ಬೆರಳು ಸಂದು, ಗುಳಿ ಹತ್ರ ಸಂದೇ ಇಲ್ಲ, ಇದ್ಯಾವ ಸೀಮೆ ಸಮ ಕಣೇ? ನಂಗೂ ತಿಳೀತಿಲ್ಲ ಅಕ್ಕ ಅಂತ ಸಿಂಗಮ್ಮ ಅತ್ತೇಬಿಟ್ಟಳಂತೆ.

ಆದರೂ ಅರಮನೆಗೆ ಹೋದಳು. ಎರಡು ಗುಳಿಗೂ ಬೆರಳು ಕೊಟ್ಟು, ಬಿಸಿಲಲ್ಲಿ ಚೆಂಡನ್ನ ಮೆಲ್ಲಗೆ ತಿರುಗಿಸಿದಳಂತೆ. ಒಂದು ಗೆರೆ ಮೇಲಿಂದ ಕೆಳಗಿನ ತನಕ ಒಂದೇ ಸಲ ಸೂರ್ಯನಿಗೆ ನೇರ ಬಂತು. ಅದು ಸರಿದು ಇನ್ನೊಂದು. ಜೋಯಿಸ ಕುಣಿದಾಡಿಬಿಟ್ಟ. ಒಂದು ಗೆರೆ ಮೇಲಿರೋರಿಗೆಲ್ಲ ಒಟ್ಟಿಗೇ ಮಧ್ಯಾಹ್ನ ಬುದ್ಧಿ, ಸಂದು ಹೆಂಗಾದರೂ ಇರಲಿ, ಗೆರೆಗೂ ಗೆರೆಗೂ ನಡುವೆ ಒಂದು ಜಾವ! ನಮ್ಮೂರು ಈ ಗೆರೆ, ಮಗಳ ಊರು ಪಡುವಲಿಗೆ ಎರಡನೇ ಗೆರೆ. ನಮಗೆ ಹೊತ್ತು ಮುಳುಗೋವಾಗ ಅವಳಿಗೆ ಮಧ್ಯಾಹ್ನ ಅಂದನಂತೆ.

ರಾಜ ತಲೆ ಕೆರ್ಕೊಂಡು, ಅಂದರೆ ಅವಳಿಗೆ ಅದು ನಿನ್ನೆನೋ ಇವತ್ತೋ ಅಂದನಂತೆ. ಸಿಂಗಮ್ಮ ಅಂದಳಂತೆ, ಇವತ್ತೇ ಬುದ್ಧಿ, ನೀವು ದೀಪ ಹಚ್ಚಿದ ಕೂಡಲೇ ಕೂತ್ಕೊಳ್ಳಿ, ಅವಳೂ ಕೂತಿರ್ತಾಳೆ.

ಅವತ್ತು ರಾಜ ಮೂವರು ಅಕ್ಕತಂಗೀರನ್ನೂ ಪಕ್ಕದಲ್ಲಿ ಕೂರಿಸ್ಕೊಂಡು ಮೂರು ಮುದ್ದೆ ಉಂಡನಂತೆ. ಸಮುದ್ರದಾಚೆ ಸುಡು ಬಿಸಿಲಲ್ಲಿ ಪದುಮಲೆನೂ ಕೈ ತೊಳೆದು ಎಲೆ ಮುಂದೆ ಕೂತಳಂತೆ. ಅವರ ಊಟ ಆಯ್ತು, ನನ್ನ ಕತೆನೂ ಮುಗೀತು, ಕಣ್ಣು ಮುಚ್ಚು ಕಂದ.