ಕೊಳದ ರಕ್ಕಸಿಯೂ ನೀರು ಹೊರುವ ಜಟ್ಟಪ್ಪನೂ

“ಕೇಳಿರಪ್ಪೋ ಕೇಳಿ! ಕೊಳದ ರಕ್ಕಸಿ ಅರಮನೆಯ ಬಾಗಿಲಲ್ಲಿ ಕೂತಿದ್ದಾಳೆ. ಅವಳ ಮೂರು ಒಗಟು ಬಿಡಿಸಿದರೆ ಅರಸನ ಕೂಸು ಉಳಿಯುತ್ತದೆ, ಬಿಡಿಸಿದವರಿಗೆ ಅರ್ಧ ರಾಜ್ಯ. ತಪ್ಪಿದವರು ಅವಳ ಬಾಯಿಗೆ!”

ಡಂಗುರ ಕೇಳಿ ಮಣಿಗೆರೆಯ ಜನ ಬಾಗಿಲು ಹಾಕಿಕೊಂಡರು. ಮಳೆ ಶುರುವಾದರೆ ಸಾಕು, ಆ ಊರಿನ ಎಳೆಮಕ್ಕಳು ಭೇದಿಯಾಗಿ ಸಾಯುತ್ತಿದ್ದವು. ಬಡವರ ಮಕ್ಕಳು ಸತ್ತಾಗ ಯಾರೂ ಡಂಗುರ ಹೊಡೆಸಿರಲಿಲ್ಲ ಬಿಡಿ. ಈಗ ಅರಸನ ಕೂಸೇ ಮಲಗಿತ್ತು. ಕಣ್ಣು ಗುಳಿ ಬಿದ್ದಿತ್ತು, ಅತ್ತರೆ ಕಣ್ಣೀರೂ ಬರುತ್ತಿರಲಿಲ್ಲ.

ಮೊದಲು ಬಂದವನು ಸೇನಾಪತಿಯ ಮಗ. ರಕ್ಕಸಿ ಕೇಳಿದಳು: “ಯಾರೂ ಕರೆಯದೆ ಮನೆಯೊಳಗೆ ಹೋಗ್ತೀನಿ. ತಾಯಿಯೇ ನನ್ನ ಹೊತ್ತು ತಂದು, ಮುದ್ದು ಮಾಡುತ್ತಾ ಮಗುವಿನ ಬಾಯಿಗೆ ಇಡ್ತಾಳೆ. ಯಾವುದರ ಮೇಲೆ ಕೂತು ಹೋಗ್ತೀನಿ?”

“ಗಾಳಿಯ ಮೇಲೆ” ಎಂದ. ಗುಳುಂ! ಆಮೇಲೆ ಬಂದ ಪಾಳೆಗಾರ “ಕೆಟ್ಟ ದೃಷ್ಟಿಯ ಮೇಲೆ” ಎಂದ. ಅವನ ಪೇಟ ಮಾತ್ರ ಮೆಟ್ಟಿಲ ಮೇಲೆ ಉಳಿಯಿತು. ಉಳಿದವರ ರಾಜ್ಯದಾಸೆ ಅಲ್ಲಿಗೇ ತಣ್ಣಗಾಯಿತು.

ಆಗ ಅರಮನೆಗೆ ನೀರು ಹೊರುವ ಜಟ್ಟಪ್ಪ ಕೊಡ ಇಳಿಸಿ ಮುಂದೆ ಬಂದ. ಹೋದ ಮಳೆಗಾಲದಲ್ಲಿ ಅವನ ಮಗಳು ಇದೇ ಭೇದಿಯಿಂದ ತೀರಿಕೊಂಡಿದ್ದಳು. ಅವನಿಗೆ ರಾಜ್ಯ ಬೇಕಿರಲಿಲ್ಲ. ಇನ್ನೊಂದು ಕೂಸು ಸಾಯುವುದನ್ನು ನೋಡಲು ಅವನಿಂದ ಆಗುತ್ತಿರಲಿಲ್ಲ, ಅಷ್ಟೇ.

“ಕೈ ಮೇಲೆ” ಎಂದ. “ಮಗುವಿನ ಕುಂಡೆ ತೊಳೆದ ಕೈನ ಸೆರಗಿಗೆ ಒರೆಸಿಕೊಂಡು ಅನ್ನ ಕಲಸ್ತಾರೆ. ನಮ್ಮನೇಲೂ ಹಾಗೇ ಮಾಡ್ತಿದ್ವಿ.”

ರಕ್ಕಸಿ ಮುಖ ಕಿವುಚಿದಳು. “ದೊಡ್ಡವರದಾದರೆ ಮೂಗು ಮುಚ್ಚಿ ಓಡ್ತೀರಿ. ಚಿಕ್ಕವರದಾದರೆ ಕುಡಿಯೋದಕ್ಕೇ ಬೆರೆಸ್ತೀರಿ. ಯಾವುದದು?”

ಹಾಲು ಕುಡಿಯುವ ಕೂಸಿಗೆ ಮೈಲಿಗೆಯಿಲ್ಲವೆಂದು ಅದರ ಹೊಲಸು ಬಟ್ಟೆಯನ್ನು ಕುಡಿಯುವ ನೀರಿನ ಕೊಳದಲ್ಲೇ ಅದ್ದುವುದು ಮಣಿಗೆರೆಯ ಪದ್ಧತಿ. ಅರಮನೆಯ ಕೂಸಿನ ಬಟ್ಟೆಗಂತೂ ಅಲ್ಲೊಂದು ಮೆಟ್ಟಿಲೇ ಮೀಸಲು. ಜಟ್ಟಪ್ಪ ಅರಸನತ್ತ ತಿರುಗಿದ.

“ಕೂಸಿನ ಹೇಲು. ಆ ಬಟ್ಟೆ ಹಿಂಡಿದ ನೀರನ್ನೇ ಬುದ್ಧಿ, ನಾನು ನಿಮ್ಮ ಅಡುಗೆಮನೆಗೆ ಹೊತ್ತಿದ್ದು. ನನ್ನ ಮನೆಗೂ ಅದನ್ನೇ ಹೊತ್ತೆ.”

ರಕ್ಕಸಿ ಅವನ ಮುಖದ ಹತ್ತಿರಕ್ಕೆ ಬಂದಳು. “ನನ್ನ ಕೈಗೆ ಸಿಕ್ಕ ಮಗು ಒಂದನ್ನೇ ಬೇಡುತ್ತೆ. ಕೊಟ್ಟರೆ ನಾನು ಸೋಲ್ತೀನಿ. ಮಗುವಿನ ಮೇಲೆ ಪ್ರಾಣ ಇಟ್ಟವರೇ ಅದನ್ನ ಕೊಡೋದಿಲ್ಲ. ಏನದು?”

ಅರಸ ಕೈ ಹಿಸುಕಿಕೊಂಡ. ರಕ್ಕಸಿ ನುಂಗಲು ಬಾಯಿ ತೆರೆದಳು.

ಕೊನೆಯ ದಿನ ಜಟ್ಟಪ್ಪನ ಮಗಳು “ಅಪ್ಪಾ, ನೀರು” ಎಂದಿದ್ದಳು. ಕುಡಿಸಿದರೆ ಭೇದಿ ಹೆಚ್ಚುತ್ತದೆಂದು ಹಿರಿಯರು ತಡೆದಿದ್ದರು. ಅರಮನೆಗೇ ನೀರು ಹೊತ್ತವನು ಮಗಳ ತುಟಿಗೆ ಒದ್ದೆ ಬಟ್ಟೆ ಒತ್ತಿ ಸುಮ್ಮನಾಗಿದ್ದ. ಆ ದನಿ ಈಗ ಕಿವಿಗೆ ಬಡಿಯಿತು.

“ನೀರು” ಎಂದ ಜಟ್ಟಪ್ಪ.

ಸೋತ ರಕ್ಕಸಿ ಉಪಾಯ ಹೇಳದೆ ಹೋಗುವಂತಿರಲಿಲ್ಲ. “ಮೊಲೆಹಾಲು ಬಿಡಿಸಬೇಡಿ. ಕುದಿಸಿ ಆರಿಸಿದ ನೀರು, ಚಿಟಿಕೆ ಉಪ್ಪು ಹಾಕಿದ ಗಂಜಿತಿಳಿ, ಗುಟುಕು ಗುಟುಕಾಗಿ ಕೊಡ್ತಾನೇ ಇರಿ” ಎಂದು ಹಲ್ಲು ಕಡಿಯುತ್ತಾ ಊರು ಬಿಟ್ಟಳು. ರಾಣಿ ಕೂಸಿಗೆ ಕುಡಿಸುವ ಒಳಲೆ ಹಿಡಿದು ಕೂತಳು. ಮರುದಿನ ಕೂಸು ಅತ್ತಾಗ ಕೆನ್ನೆಯ ಮೇಲೆ ಕಣ್ಣೀರು ಇಳಿಯಿತು. ಅದನ್ನು ಕಂಡು ರಾಣಿ ನಕ್ಕಳು.

ಕೊಳದಲ್ಲಿ ಬಟ್ಟೆ ಅದ್ದುವುದು ನಿಂತಿತು. ಊಟಕ್ಕೆ ಮುಂಚೆ, ಮಗುವನ್ನು ತೊಳೆದ ಮೇಲೆ, ಅಂಟುವಾಳದ ನೊರೆಯಲ್ಲಿ ಕೈ ತೊಳೆಯಬೇಕೆಂದು ಅಪ್ಪಣೆಯಾಯಿತು. ಅರಸ ಮಾತಿನಂತೆ ಅರ್ಧ ರಾಜ್ಯ ಕೊಟ್ಟ. ಜಟ್ಟಪ್ಪ ಅದನ್ನು ಹೇಳಲು ಮನೆಗೆ ಹೋದರೆ, ಹೆಂಡತಿ ಮಾಳವ್ವ ರಾಜ್ಯದ ಮಾತೇ ಎತ್ತಲಿಲ್ಲ.

“ಆ ಕೂಸಿಗೆ ಏನು ಕೊಟ್ರು?”

“ನೀರು, ಗಂಜಿತಿಳಿ.”

“ಅಷ್ಟೇನಾ? ನಮ್ಮ ಮಗೂಗೂ ಅಷ್ಟು ಕೊಟ್ಟಿದ್ರೆ ಬದುಕ್ತಿತ್ತಾ?”

ಇಲ್ಲ ಎಂದಿದ್ದರೆ ನಂಬುತ್ತಿದ್ದಳು, ಪಾಪ. ಆದರೆ ಮಾಳವ್ವ ಈಗ ಮತ್ತೆ ಬಸುರಿ, ಹುಟ್ಟುವ ಕೂಸಿಗೂ ನೀರು ತಪ್ಪಬಾರದಲ್ಲ. ಜಟ್ಟಪ್ಪ ಅವಳ ಕೈ ಹಿಡಿದುಕೊಂಡು ಹೇಳಿದ: “ಬದುಕ್ತಿತ್ತು ಕಣೇ.”