ಸಾಹುಕಾರರು ಮಾಡಿದಂಗ

ರಾಯಚೂರಿನ ಬಿಸಿಲಿಗೆ, ಕಟ್ಟಡದ ಕೆಲಸದಲ್ಲಿ ಬುಟ್ಟಿ ಹೊರುವ ಮಲ್ಲಮ್ಮ ಅವತ್ತು ತಲೆಸುತ್ತಿ ಬಿದ್ದಳು. ಮಧ್ಯಾಹ್ನ ಆಳುಗಳನ್ನು ಸ್ವಲ್ಪ ಹೊತ್ತು ಕೂರಲು ಬಿಡಿ ಎಂದು ಮೇಸ್ತ್ರಿ ಹುಸೇನಪ್ಪ ಗುತ್ತಿಗೆದಾರನನ್ನು ಮತ್ತೆ ಬೇಡಿಕೊಂಡ. ಕೇಳಿ ಕೇಳಿ ಅವನಿಗೂ ಸಾಕಾಗಿತ್ತು.

ಗುತ್ತಿಗೆದಾರ ಶರಭಣ್ಣ ಆಗಷ್ಟೇ ನಾಯಕತ್ವದ ತರಬೇತಿ ಮುಗಿಸಿ ಬಂದಿದ್ದ. "ಕುಂಡ್ರೂದು ಗಿಂಡ್ರೂದು ಇಲ್ಲ! ನಾನು ನಿಮ್ಮ ನಾಯಕ. ನಾ ಮಾಡಿದಂಗ ಮಾಡ್ರಿ!" ಎಂದು ಎಲ್ಲರೆದುರು ಗುಡುಗಿದ. ಆಮೇಲೆ ಕೊಡೆಯ ಕೆಳಗೆ ಕುರ್ಚಿ ಹಾಕಿಸಿಕೊಂಡು ಮಜ್ಜಿಗೆ ಕುಡಿಯುತ್ತ ಕೂತ.

ಹುಸೇನಪ್ಪ ನಿಟ್ಟುಸಿರು ಬಿಟ್ಟು ಆಳುಗಳಿಗೆ ಕಣ್ಸನ್ನೆ ಮಾಡಿದ. ಎಲ್ಲರೂ ಬುಟ್ಟಿ ಇಳಿಸಿ, ಗೋಡೆಯ ನೆರಳಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತರು.

"ಯಾಕ್ರೋ ಕುಂತ್ರಿ?" ಶರಭಣ್ಣ ಕೂಗಿದ.

"ನೀವು ಕುಂತ್ರಿ ಸಾವ್ಕಾರ್ರ, ನಾವೂ ಕುಂತ್ವಿ. ನೀವು ಎದ್ರ ನಾವೂ ಏಳ್ತೀವ್ರಿ," ಎಂದ ಹುಸೇನಪ್ಪ.

ಶರಭಣ್ಣ ಹಲ್ಲು ಕಡಿಯುತ್ತ ಎದ್ದು, ಕಾಂಕ್ರೀಟ್ ತುಂಬಿದ ಬುಟ್ಟಿ ಹೊತ್ತ. ಆಳುಗಳೂ ಹೊತ್ತರು. ಅರ್ಧದಷ್ಟು ಮೆಟ್ಟಿಲುಗಳನ್ನು ಏರುವಷ್ಟರಲ್ಲಿ ಅವನಿಗೆ ಏದುಸಿರು ಬಂತು. ಬುಟ್ಟಿ ಇಳಿಸಿ ಅಲ್ಲೇ ಕುಸಿದು ಕೂತ. ಹಿಂದಿದ್ದವರೆಲ್ಲ ಬಹಳ ಗೌರವದಿಂದ ಕೂತರು.

ಸುಧಾರಿಸಿಕೊಂಡು ಶರಭಣ್ಣ ಗಂಟಲು ಸರಿಮಾಡಿಕೊಂಡ. "ನಾಳಿಂದ ಮಧ್ಯಾಹ್ನ ಎಲ್ಲಾರೂ ಕುಂಡ್ರಬೇಕು. ಇದು ನಾಯಕನ ಆಜ್ಞೆ!"

ಹುಸೇನಪ್ಪನಿಗೆ ನಗುವಷ್ಟೂ ತ್ರಾಣ ಇರಲಿಲ್ಲ. ಅವನು ಆಗಲೇ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದ.